ಓರೆ ಕಂಬದ ಕತ್ತು

ಭೂಮಿ ನಡುಗಿದ ಮೂರನೆಯ ದಿನ ದೋಣಿಯೊಂದು ಹಡಗುಕಟ್ಟೆಯ ಅಡಿಗೆ ನುಸುಳಿತು. ಅದರಲ್ಲಿ ಮೂವರಿದ್ದರು: ಆ ಕಟ್ಟೆ ಕಟ್ಟಿಸಿದ ಹಿರಿಯ ಇಂಜಿನಿಯರು, ಅವರ ಕೈಕೆಳಗೆ ನಕ್ಷೆ ಬರೆಯುವ ಅವರದೇ ತಂಗಿಯ ಮಗಳು, ತನಿಖೆಗೆ ಬಂದ ಚಿಕ್ಕ ವಯಸ್ಸಿನ ಅಧಿಕಾರಿ.

ನೆಟ್ಟಗೆ ನಿಂತ ಕಂಬಗಳೆಲ್ಲ ಸುಖವಾಗಿದ್ದವು. ಓರೆಯಾಗಿ ನೆಟ್ಟವು ಮಾತ್ರ, ಮೇಲಿನ ಕಾಂಕ್ರೀಟನ್ನು ಸೇರುವ ಕಡೆ, ಒಂದೂ ಬಿಡದೆ ಕತ್ತು ಮುರಿದುಕೊಂಡಿದ್ದವು.

ಹುಡುಗಿ ಇದನ್ನು ಎರಡು ವರ್ಷದ ಹಿಂದೆಯೇ ಹೇಳಿದ್ದಳು. "ನೆಟ್ಟಗಿರೋ ಕಂಬ ನೆಲದ ಜೊತೆ ಬಳುಕುತ್ತೆ ಸರ್. ಓರೆಯದು ಬಳುಕಲ್ಲ, ಏಟೆಲ್ಲಾ ತನ್ನ ಮೇಲೇ ಎಳ್ಕೊಳ್ಳುತ್ತೆ. ತಲೆ ಹತ್ರ ಕಬ್ಬಿಣ ಜಾಸ್ತಿ ಹಾಕೋಣ." ಹಿರಿಯರು ತುಂಬಿದ ಸಭೆಯಲ್ಲಿ ಎದ್ದು, ಓರೆ ಕಂಬಗಳ ಹಾಗೆ ಕಾಲು ಅಗಲಿಸಿ ನಿಂತು, "ನೂಕಮ್ಮ, ಬೀಳ್ತೀನಾ ನೋಡೋಣ" ಎಂದಿದ್ದರು. ಸಭೆ ಬಿದ್ದು ಬಿದ್ದು ನಕ್ಕಿತ್ತು. ಆಮೇಲೆ ಅವಳು ಬರೆದ ಹೆಚ್ಚಿನ ಕಬ್ಬಿಣವನ್ನು ಹೊಡೆದುಹಾಕಿ, ನಕ್ಷೆಯನ್ನು ಅವಳ ಕೈಯಲ್ಲೇ ಹೊಸದಾಗಿ ಬರೆಸಿ, ಹಳೆಯದನ್ನು ಹರಿದೆಸೆದಿದ್ದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಆಸಾಮಿ.

ಅಧಿಕಾರಿ ನಕ್ಷೆ ಬಿಡಿಸಿದ. "ಇಲ್ಲಿ ಕಬ್ಬಿಣ ಏನೇನೂ ಸಾಲ್ದು. ಯಾರು ಹೀಗೆ ಮಾಡಿದ್ದು? ಸಹಿ ಇವರದಿದೆ" ಎಂದು ಹುಡುಗಿಯ ಕಡೆ ಬೆರಳು ತೋರಿಸಿದ.

"ಬರ್ದಿದ್ದು ನಾನೇ" ಎಂದ ಹುಡುಗಿ ಹಿರಿಯರ ಮುಖ ನೋಡಿದಳು. ಹಿರಿಯರು ನೀರು ನೋಡಿದರು. ಮೂವತ್ತು ವರ್ಷ ದುಡಿದು ಗಳಿಸಿದ ಹೆಸರು ನಿಜ ಹೇಳಲು ಅಡ್ಡ ಬಂತು. ಅಧಿಕಾರಿ ಅವಳ ಹೆಸರನ್ನು ಬರೆದುಕೊಂಡು, "ಇನ್ಮೇಲೆ ನಿಮಗೆ ಈ ಕೆಲಸ ಕಷ್ಟ ಕಣಮ್ಮ" ಎಂದ.

ದೋಣಿ ದಡ ಮುಟ್ಟುವ ಹೊತ್ತಿಗೆ ಹಿರಿಯರಿಗೆ ನಾಚಿಕೆಯಿಂದ ಕೂರಲಾಗಲಿಲ್ಲ. "ತಪ್ಪು ನಂದು. ಇವಳು ಹೇಳಿದ್ಲು, ಕಬ್ಬಿಣ ಕಡಿಮೆ ಮಾಡ್ಸಿದ್ದು ನಾನು."

ಅಧಿಕಾರಿಯ ಮುಖ ಅರಳಿತು. "ದೊಡ್ಡ ಮನಸ್ಸು ಸರ್ ನಿಮ್ಮದು! ತಂಗಿ ಮಗಳು ಅಂತ ಮೈಮೇಲೆ ಹಾಕ್ಕೊಳ್ತಿದ್ದೀರಿ. ನಿಮ್ಮದೇ ಆಗಿದ್ರೆ ಕೇಳಿದಾಗಲೇ ಹೇಳ್ತಿದ್ರಿ."

"ಸುಳ್ಳಲ್ಲ ಸ್ವಾಮಿ, ನಿಜ!"

ಅವರು ಒತ್ತಿ ಹೇಳಿದಷ್ಟೂ ಅಧಿಕಾರಿಯ ಗೌರವ ಏರಿತು. ಆ ಗೌರವ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಕೊನೆಗೆ ಹಿರಿಯರು ಹುಡುಗಿಯ ಕಡೆ ತಿರುಗಿ ಗೋಗರೆದರು: "ನೀನಾದ್ರೂ ಹೇಳಮ್ಮ, ನಾನೇ ಮಾಡಿದ್ದು ಅಂತ."

"ಈಗ ಹೇಳಿದ್ರೆ, ತಪ್ಪಿಸ್ಕೊಳ್ಳೋಕೆ ಮಾವನ ಮೇಲೆ ಹಾಕ್ತಾಳೆ ಅಂತಾರೆ" ಎಂದು ಅವಳು, ದೋಣಿಯಿಂದ ಇಳಿಯಲು ತಡವರಿಸುತ್ತಿದ್ದ ಅವರ ತೋಳು ಹಿಡಿದುಕೊಂಡಳು. "ಹುಷಾರು ಮಾವ, ಜಾರುತ್ತೆ."