ಮೀಸಲು ಟಗರು

ಮಾರಿದರೆ ದೇವರಿಗೆ ಮೋಸ. ಮಾರದಿದ್ದರೆ ಮಗಳಿಗೆ. ಇಲ್ಲ, ಹಾಗೂ ಅಲ್ಲವೇನೋ. ಇಷ್ಟು ವರ್ಷ ಇದನ್ನು ಗೂಟಕ್ಕೆ ಕಟ್ಟಿಕೊಂಡು ಕಾದು ಕೂತದ್ದೇ ಮಗಳಿಗೆ ಮಾಡಿದ ಮೋಸವಿದ್ದೀತು. ರೇವಣಪ್ಪ ಟಗರಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ಅದು ಅವನ ಗೊಂದಲಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಹುರುಳಿ ಹೊಟ್ಟು ಮೇಯುತ್ತಿತ್ತು.

ಹಟ್ಟಿಯೊಳಗಿನ ಹಿಂಡು ಅವನದಲ್ಲ. ಸಿಂಗಟಗೆರೆಯ ಓಂಕಾರೇಶ್ ಅವರ ಕುರಿಗಳನ್ನು ಅವನು ಪಾಲಿಗೆ ಮೇಯಿಸುತ್ತಿದ್ದ. ಈ ವರ್ಷದ ಪಾಲಿನ ಮರಿಗಳು ಆಗಲೇ ಮಾರಾಟವಾಗಿ ಮನೆಯ ಸೂರಿಗೆ ಶೀಟಾಗಿದ್ದವು. ಅವನದು ಅಂತ ಉಳಿದಿದ್ದು ಇದೊಂದೇ, ಕೊಂಬಿಗೆ ಅರಿಶಿನ ಹಚ್ಚಿದ ಈ ಟಗರು. ಅದನ್ನೂ ಅವನದು ಅನ್ನುವಂತಿರಲಿಲ್ಲ. ಅದು ಅಂತರಘಟ್ಟಮ್ಮನ ಮೀಸಲು.

ಅನಿತಾ ಅದನ್ನೇ ಕೇಳಿದ್ದಳು.

ಅನಿತಾ ಅವನ ಮಗಳು. ಕಡೂರಿನಲ್ಲಿ ಕೋಮಲಾ ಎಂಬುವರ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಾಳೆ. ಎಳವೆಯಿಂದ ಕಿವಿ ಕೇಳಿಸದು. ಕಿವುಡು ಮಕ್ಕಳ ಶಾಲೆಯಲ್ಲಿ ಓದಿ ಕೈಮಾತು ಕಲಿತು ಬಂದವಳು, ಆಮೇಲೆ ಒಂದು ಹುಚ್ಚು ಹಿಡಿಸಿಕೊಂಡಳು. ಭಾನುವಾರ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಿಗೆ ಹೋಗಿ, ಶಾಲೆಯ ಮುಖವನ್ನೇ ಕಾಣದ ಕಿವುಡರನ್ನು ಹುಡುಕುವುದು. ಅವರು ರಾಗಿಗೆ ಏನು ಕೈ ಮಾಡುತ್ತಾರೆ, ಕೆರೆಗೆ ಏನು, ಅತ್ತೆಗೆ ಏನು ಎಂದು ಫೋನಿನಲ್ಲಿ ವಿಡಿಯೋ ಹಿಡಿಯುವುದು. ಆ ವಿಡಿಯೋಗಳನ್ನು ಯಾರೋ ನೋಡಿ, ಪುಣೆಯಲ್ಲಿ ನಡೆಯುವ ಕಿವುಡರ ಸಮ್ಮೇಳನಕ್ಕೆ ಅವಳನ್ನು ಕರೆದಿದ್ದರು. ಕೂರುವುದಕ್ಕಲ್ಲ, ವೇದಿಕೆಯ ಮೇಲೆ ನಿಂತು ತನ್ನ ಕೆಲಸ ಹೇಳುವುದಕ್ಕೆ.

ಊಟ, ವಸತಿ ಅವರದು. ರೈಲಿನ ಖರ್ಚನ್ನೂ ಕೊಡುತ್ತಾರೆ, ಆದರೆ ಬಂದು ಹೋದ ಮೇಲೆ, ಟಿಕೆಟ್ಟು ತೋರಿಸಿದರೆ.

"ಇದೊಳ್ಳೆ ಕಥೆ. ಉಂಡು ಕೈ ತೊಳ್ಕಂಡ್ಮೇಲೆ ಎಲೆ ಹಾಕ್ತೀವಿ ಅಂದಂಗೆ" ಎಂದಿದ್ದ ರೇವಣಪ್ಪನ ಮಗ ತಿಪ್ಪೇಶ. ಅವನು ಗೂಡ್ಸ್ ಆಟೋ ಓಡಿಸುತ್ತಾನೆ. ತಂಗಿಯ ಕೈಮಾತು ಮನೆಯಲ್ಲಿ ಪೂರ್ತಿ ಬರುವುದು ಅವನೊಬ್ಬನಿಗೇ. ಕೈಸಾಲ ಕೇಳಬಹುದಾದ ಮನೆಗಳೆಲ್ಲ ಆ ಆಟೋ ಕೊಳ್ಳುವಾಗಲೇ ಮುಗಿದಿದ್ದವು.

ಮೂವರೂ ಮೊದಲು ಕಡೂರಿನಲ್ಲಿ ಅಂಗವಿಕಲರ ಸವಲತ್ತು ನೋಡುವ ಕಚೇರಿಗೆ ಹೋದರು. ಗುಮಾಸ್ತರು ಒಳ್ಳೆಯವರೇ. ಆಹ್ವಾನವನ್ನು ಎರಡು ಸಲ ಓದಿದರು.

"ಸಮ್ಮೇಳನಕ್ಕೆ ಅಂತ ನಮ್ಮಲ್ಲಿ ಬಾಬ್ತು ಇಲ್ಲಪ್ಪ. ಗಾಲಿ ಕುರ್ಚಿ ಕೇಳು, ಇದೆ. ಕಿವಿ ಮಿಷನ್ ಕೇಳು, ಇದೆ."

"ಮಿಷನ್ ಮನೇಲಿ ಎರಡು ಬಿದ್ದವೆ ಸಾ" ಎಂದ ತಿಪ್ಪೇಶ. "ಒಂದರ ಡಬ್ಬೀಲಿ ನಮ್ಮವ್ವ ಎಲೆ ಅಡಿಕೆ ಇಟ್ಕಂಡವ್ಳೆ."

ಗುಮಾಸ್ತರು ನಕ್ಕರು, ಆಮೇಲೆ ನಕ್ಕಿದ್ದಕ್ಕೆ ಪೆಚ್ಚಾದವರಂತೆ ತರೀಕೆರೆಯ ಬಟ್ಟೆ ಅಂಗಡಿ ಷಡಕ್ಷರಿಯವರ ವಿಳಾಸ ಕೊಟ್ಟರು. "ದೊಡ್ಡ ಕೈ ಅವರದು. ನನ್ನ ಹೆಸರು ಹೇಳಿ."

ಷಡಕ್ಷರಿಯವರು ಕಾಫಿ ತರಿಸಿಕೊಟ್ಟರು. ಅನಿತಾಳನ್ನು ನೋಡಿ ಅವರ ಕಣ್ಣು ನಿಜವಾಗಿಯೇ ಒದ್ದೆಯಾದವು.

"ಎಂಥ ಲಕ್ಷಣವಾದ ಹುಡುಗಿ ಕಣ್ರೀ! ದೇವರು ಮಾತೊಂದು ಕೊಡ್ಲಿಲ್ಲ ನೋಡಿ. ನಮ್ಮ ತಾಯಿ ತೀರ್ಥಮ್ಮನೋರ ಪುಣ್ಯಸ್ಮರಣೆ ಬರ್ತಿದೆ. ಅವತ್ತು ಸ್ಟೇಜಿಗೆ ಕರೆದು, ಹಾರ ಹಾಕಿ, ಪೂರ್ತಿ ಖರ್ಚು ಕೊಟ್ಬಿಡೋಣ. ವಾಪಸ್ ಕೊಡೋ ಮಾತೇ ಬೇಡ."

ರೇವಣಪ್ಪ ಕೈ ಮುಗಿದ. ಅನಿತಾ ಫೋನಿನಲ್ಲಿ ಏನೋ ಒತ್ತಿ ಅವರ ಮುಂದೆ ಹಿಡಿದಳು. ಅವರು ಗಟ್ಟಿಯಾಗಿ ಓದಿದರು: "ಸ್ಟೇಜಿನ ಮೇಲೆ ನಾನೂ ಸ್ವಲ್ಪ ಹೊತ್ತು ಮಾತಾಡಬಹುದಾ? ಅಣ್ಣ ಬಾಯಲ್ಲಿ ಹೇಳ್ತಾನೆ."

"ಅಯ್ಯೋ, ಅದೆಲ್ಲ ಯಾಕಮ್ಮ?" ಎಂದರು ಷಡಕ್ಷರಿ, ಅಕ್ಕರೆಯಿಂದಲೇ. "ನೀನು ಬಂದು ಸುಮ್ನೆ ನಿಂತ್ರೆ ಸಾಕು. ನೋಡಿದೋರ ಕರುಳು ತಾನಾಗೇ ಚುರ್ ಅನ್ನುತ್ತೆ."

ತಿಪ್ಪೇಶ ಒಂದಕ್ಷರ ಬಿಡದೆ ಅದನ್ನು ಕೈಯಲ್ಲಿ ಹೇಳಿದ. ಅನಿತಾ ಕಾಫಿ ಕುಡಿದು ಮುಗಿಸಿದಳು, ಲೋಟವನ್ನು ಮೆಲ್ಲಗೆ ಇಟ್ಟಳು, ನಗುತ್ತ ಅವರಿಗೆ ಕೈ ಮುಗಿದು ಎದ್ದಳು.

ಬಸ್ಸಿನಲ್ಲಿ ರೇವಣಪ್ಪನಿಗೆ ಸಿಟ್ಟು ತಡೆಯಲಾಗಲಿಲ್ಲ. "ನಿಂತ್ಕಂಡಿದ್ರೆ ಏನು ಗಂಟು ಹೋಗ್ತಿತ್ತಂತೆ, ಕೇಳ್ಲಾ ಅವಳ್ನ."

ತಿಪ್ಪೇಶ ಕೇಳಿದ. ಅವಳು ಕಿಟಕಿಯ ಕಡೆಯಿಂದ ತಿರುಗಿ ಚುಟುಕಾಗಿ ಕೈಯಾಡಿಸಿದಳು.

"ಸುಮ್ನೆ ನಿಂತ್ಕಳಕ್ಕೇ ಆದ್ರೆ ಪುಣೆಗ್ಯಾಕೆ ಹೋಗ್ಬೇಕು, ನಮ್ಮೂರು ಯಗಟೀಲೇ ನಿಂತ್ಕಂತೀನಿ ಅಂತಾವ್ಳೆ."

ಅದಾದ ಮೇಲೆ ನಿನ್ನೆ ಸಂಜೆ ಅವಳು ಹಟ್ಟಿಯ ಬಳಿ ಬಂದು ಟಗರನ್ನು ತೋರಿಸಿದಳು. ತಿಪ್ಪೇಶ ಅವಳ ಕೈ ನೋಡುತ್ತ ತಡವರಿಸಿದ.

"ದೇವರಿಗೆ ಅಂತೀಯ. ಒಂದು ಮುದಿಯಾದ್ರೆ ಇನ್ನೊಂದು ಕಟ್ತೀಯ. ಕೊಡಾದೇ ಇಲ್ಲ. ಎಂದೂ ಕೊಡ್ದಿರೋ ಟಗರು ಯಾರ್ದಪ್ಪ, ಅಂತ ಕೇಳ್ತಾವ್ಳೆ." ಆಮೇಲೆ ತನ್ನದೂ ಒಂದು ಸೇರಿಸಿದ: "ನಂಗೂ ಅನುಮಾನ ಐತೆ. ನಂಗೆ ಹಾಕಿದ್ದಕ್ಕಿಂತ ಹೆಚ್ಚಾಗಿ ಅದಕ್ಕೆ ಮೇವು ಹಾಕಿದೀಯ."

ರೇವಣಪ್ಪ ಉತ್ತರ ಕೊಡುವ ಹಾಗಿರಲಿಲ್ಲ. ಹೊತ್ತ ಹರಕೆಯನ್ನು ತೀರುವ ಮುಂಚೆ ಬಾಯಿಬಿಟ್ಟು ಹೇಳಿದರೆ ಅದು ಹುಸಿಯಾಗುತ್ತದೆ ಎಂಬುದು ಅವರ ಮನೆತನದ ನಡಾವಳಿ. ಅವನ ಹರಕೆ ಏನೆಂದು ಬಲ್ಲವಳು ಹೆಂಡತಿ ದ್ಯಾಮಮ್ಮ ಮಾತ್ರ, ಅದೂ ಹರಕೆ ಹೊತ್ತ ದಿನ ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿದ್ದಳು ಎಂಬ ಕಾರಣಕ್ಕೆ. ಆಗ ಅನಿತಾಗೆ ಮಾತು ಮೊಳೆಯುತ್ತಿದ್ದ ವಯಸ್ಸು. 'ಅವ್ವ' ಅನ್ನಲು ಕಲಿತಿದ್ದಳು, 'ಅಪ್ಪ' ಬಾಕಿಯಿತ್ತು. ಅಷ್ಟರಲ್ಲಿ ಜ್ವರ ಬಂತು. ಹೋಗುವಾಗ ಕಿವಿಯನ್ನೂ ಜೊತೆಗೆ ತೆಗೆದುಕೊಂಡು ಹೋಯಿತು. ರೇವಣಪ್ಪ ಅಂತರಘಟ್ಟಮ್ಮನ ಮುಂದೆ ನಿಂತು ಕೇಳಿದ್ದು ದೊಡ್ಡದೇನಲ್ಲ: ಒಂದೇ ಒಂದು ಸಲ ನನ್ನನ್ನು ಅಪ್ಪಾ ಅಂತ ಕರೆಯಲಿ, ನಿನಗೆ ಟಗರು ಒಪ್ಪಿಸುತ್ತೇನೆ.

ಅಂದಿನಿಂದ ಒಂದಾದ ಮೇಲೊಂದು ಟಗರು ಆ ಗೂಟದಲ್ಲಿ ಕಾದಿದ್ದವು. ಈಗ ಮಾರುವುದೆಂದರೆ, ಸಾಕು ತಾಯಿ, ಇನ್ನು ಅವಳು ಕರೆಯುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಅದನ್ನು ಒಪ್ಪಿಕೊಳ್ಳುವುದು ಅವನಿಂದ ಈವರೆಗೂ ಆಗಿರಲಿಲ್ಲ.

ಬಾಗಿಲಲ್ಲಿ ಅನಿತಾ ಕಾಣಿಸಿಕೊಂಡಳು. ಎರಡೂ ಮುಂಗೈಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಹೆಗಲ ಮೇಲೆ ಅಡ್ಡಲಾಗಿ ಕೋಲಿದೆಯೆಂಬಂತೆ ಇಳಿಬಿಟ್ಟು ತೂಗಿದಳು. ಕುರಿ ಕಾಯುವಾಗ ಅವನು ನಿಲ್ಲುವ ಭಂಗಿ ಅದು. ಚಿಕ್ಕಂದಿನಿಂದ ಅವಳು ಹಾಗೆ ಮಾಡುತ್ತಾಳೆ. ಅಣಕಿಸುವ ಆಟವೆಂದು ಮೊದಮೊದಲು ಮನೆಮಂದಿಯೆಲ್ಲ ನಕ್ಕಿದ್ದರು, ಆಮೇಲೆ ಅಭ್ಯಾಸವಾಗಿ ಬಿಟ್ಟಿತ್ತು. ರೇವಣಪ್ಪ ಕೈ ಒರೆಸಿಕೊಂಡು ಊಟಕ್ಕೆ ಒಳಗೆ ಹೋದ.

"ನಾಳೆ ಅಂತರಘಟ್ಟೆಗೆ ಹೋಗಿ ಬತ್ತೀನಿ" ಎಂದ, ಮುದ್ದೆ ಮುರಿಯುತ್ತ.

ದ್ಯಾಮಮ್ಮ ಅವನ ಮುಖವನ್ನೇ ನೋಡಿದಳು.

ಅನಿತಾ ತಾನೂ ಬರುತ್ತೇನೆಂದು ಹೊರಟಳು. ಅಜ್ಜಂಪುರದಲ್ಲಿ ಅವಳಿಗೆ ಯಾರನ್ನೋ ನೋಡುವುದಿತ್ತು. ತಿಪ್ಪೇಶನಿಗೆ ಬಾಡಿಗೆಯಿತ್ತು. ಹಾಗಾಗಿ ಅಪ್ಪ ಮಗಳಿಬ್ಬರೇ ಕಡೂರಿಗೆ, ಅಲ್ಲಿಂದ ಬೀರೂರು ದಾಟಿ ಅಜ್ಜಂಪುರಕ್ಕೆ, ದಾರಿಯುದ್ದಕ್ಕೂ ಪಕ್ಕಪಕ್ಕ ಕೂತು ಬಂದರು. ಟಿಕೆಟ್ಟು ತೋರಿಸು, ನೀರು ಬೇಕಾ, ಇಳಿ. ಅವನಿಗೆ ಬರುತ್ತಿದ್ದ ಕೈಮಾತು ಅಷ್ಟೇ. ಅವಳು ಅವನಿಗಾಗಿ ಅಷ್ಟೇ ಮಾತಾಡುತ್ತಿದ್ದಳು.

ಅಜ್ಜಂಪುರದ ಬಸ್ ನಿಲ್ದಾಣದ ಮೂಲೆಯಲ್ಲಿ ಒಬ್ಬ ಮುದುಕಿ ಹೂವಿನ ಬುಟ್ಟಿಯಿಟ್ಟುಕೊಂಡು ಕೂತಿದ್ದಳು. ಅನಿತಾಳನ್ನು ಕಂಡಿದ್ದೇ ಕಟ್ಟುತ್ತಿದ್ದ ಮಾಲೆಯನ್ನು ಮಡಿಲಿಗೆ ಬಿಟ್ಟು ಎರಡೂ ಕೈ ಎತ್ತಿದಳು. ಅನಿತಾ ಓಡಿದಳು. ರೇವಣಪ್ಪ ಹಿಂದೆ ಉಳಿದ.

"ಸಾವಿತ್ರಮ್ಮ ಹುಟ್ಟು ಮೂಗಿ ಕಣಣ್ಣೋ" ಎಂದ ಪಕ್ಕದ ಕಡಲೆಕಾಯಿಯವನು. "ಈ ಹುಡುಗಿ ಬಂದ್ರೆ ಮುಗೀತು, ವ್ಯಾಪಾರನೇ ಮರ್ತುಬಿಡ್ತದೆ ಮುದುಕಿ. ನಿಮ್ಮ ಕಡೇವ್ಳಾ?"

ರೇವಣಪ್ಪ ನೋಡುತ್ತಿದ್ದ. ಮನೆಯಲ್ಲಿ ಹನಿಹನಿಯಾಗಿ ಮಾತಾಡುವ ಮಗಳು ಇಲ್ಲಿ ಕೆರೆಕೋಡಿ ಬಿದ್ದ ಹಾಗೆ ಮಾತಾಡುತ್ತಿದ್ದಳು. ಹುಬ್ಬು, ಕೆನ್ನೆ, ಹೆಗಲು, ಎಲ್ಲವೂ ಮಾತಾಡುತ್ತಿದ್ದವು. ಮುದುಕಿ ಏನೋ ಚೇಷ್ಟೆ ಮಾಡಿದಳು, ಅನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತನ್ನ ಮಗಳು ಇಷ್ಟು ವಾಚಾಳಿ ಎಂಬುದು ಅವನಿಗೆ ಗೊತ್ತಿರಲಿಲ್ಲ.

ಜೊತೆಗೆ ಯಾರು ಬಂದಿದ್ದಾರೆ ಎಂದು ಮುದುಕಿ ಕೇಳಿರಬೇಕು. ಅನಿತಾ ತಿರುಗಿ ಕೂಡ ನೋಡದೆ, ಎರಡೂ ಮುಂಗೈ ಎತ್ತಿ, ಹೆಗಲ ಮೇಲಿನ ಇಲ್ಲದ ಕೋಲಿಗೆ ಇಳಿಬಿಟ್ಟು ತೂಗಿದಳು.

ಸಾವಿತ್ರಮ್ಮನ ಮುಖ ಅರಳಿತು. ಆ ಜನಜಂಗುಳಿಯಲ್ಲಿ ಕಣ್ಣಾಡಿಸಿ, ಹೆಗಲಲ್ಲಿ ಟವೆಲ್ಲು ಮಾತ್ರವಿದ್ದ ರೇವಣಪ್ಪನ ಮೇಲೆ ನೋಟ ನಿಲ್ಲಿಸಿ, ತಾನೂ ಮುಂಗೈ ಎತ್ತಿ ಹಾಗೇ ತೂಗಿದಳು. ಮತ್ತೆ ಅನಿತಾಳ ತಲೆ ಮುಟ್ಟಿ ಹುಬ್ಬೇರಿಸಿದಳು: ಇವಳ ಅಪ್ಪ ನೀನೇ ಅಲ್ಲವಾ?

ಅವಳನ್ನು ರೇವಣಪ್ಪ ಹಿಂದೆ ಕಂಡಿರಲಿಲ್ಲ. ಆದರೂ ಅವಳಿಗೆ ಅವನು ಗೊತ್ತಿದ್ದ. ಕೈಯಲ್ಲಿ ತೂಗಿದ ಆ ಹೆಸರಿನಿಂದ ಮಗಳು ಅವನ ಬಗ್ಗೆ ಊರೂರಿನಲ್ಲಿ ಹೇಳಿಕೊಂಡಿದ್ದಳು. ಬಾಗಿಲಲ್ಲಿ ನಿಂತು ಅವಳು ಹಾಗೆ ಮಾಡಿದಾಗಲೆಲ್ಲ ತಾನು ಕೈ ಒರೆಸಿಕೊಂಡು ಎದ್ದು ಹೋಗಿದ್ದು ನೆನಪಾಯಿತು. ನಿನ್ನೆಯೂ ಹೋಗಿದ್ದ. ಅವಳು ಕರೆದಿದ್ದಳು, ಅವನು ಓಗೊಟ್ಟಿದ್ದ. ಅದನ್ನು ಕರೆಯೆಂದು ಎಣಿಸಿರಲಿಲ್ಲ ಅಷ್ಟೇ. ರೇವಣಪ್ಪ ಮುದುಕಿಯ ಕಡೆ ತಲೆಯಾಡಿಸಿದ. ಹೌದು, ನಾನೇ. ಟವೆಲ್ಲಿನಿಂದ ಮುಖ ಒರೆಸಿಕೊಂಡ.

"ಬಿಸಿಲು ಜೋರು" ಎಂದ ಕಡಲೆಕಾಯಿಯವನು.

"ಹೂಂ" ಎಂದ ರೇವಣಪ್ಪ.

ಅಂತರಘಟ್ಟೆ ಮುಟ್ಟುವ ಹೊತ್ತಿಗೆ ಅವನ ಎದೆಯಲ್ಲಿ ಬೇರೆಯೇ ತಾಪತ್ರಯ ಶುರುವಾಗಿತ್ತು. ಹರಕೆ ಎಂದೋ ಫಲಿಸಿತ್ತು. ಹಾಗಿದ್ದರೆ ಟಗರು ಎಂದೋ ಅಮ್ಮನದಾಗಿತ್ತು. ಮಾರಲು ಅಪ್ಪಣೆ ಕೇಳೋಣವೆಂದು ಬಂದವನು ಈಗ ಬಾಕಿದಾರನಾಗಿ ನಿಂತಿದ್ದ. ಪಕ್ಕದಲ್ಲಿ ಯಾರೋ ಹೆಂಗಸು ಮಗನ ಮದುವೆಯ ವಿಷಯ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ರೇವಣಪ್ಪ ಬಾಯಿ ತೆರೆಯದೆ ಮಾತಾಡಿದ.

ತಾಯಿ, ಟಗರು ನಿಂದೇ. ನಾನು ತಡ ಮಾಡಿದೆ. ಈಗ ಅದನ್ನ ಹುಡುಗಿ ದಾರಿ ಖರ್ಚಿಗೆ ನಿನ್ನಿಂದ ಎರವಲು ತಗೋತಿದೀನಿ. ಟಿಕೆಟ್ಟು ತೋರಿಸಿದ್ರೆ ಅವರು ದುಡ್ಡು ಕೊಡ್ತಾರಂತೆ. ಬಂದ ದುಡ್ಡಲ್ಲಿ ಮರಿ ಹಿಡಿದು ತಂದು ಒಪ್ಪಿಸ್ತೀನಿ. ಬೇಡ ಅನ್ನೋ ಹಂಗಿದ್ರೆ ಈಗ್ಲೇ ಹೇಳು.

ಸ್ವಲ್ಪ ಹೊತ್ತು ಕಾದ. ಅನಿತಾ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. ಪೂಜಾರಿ ಇಬ್ಬರಿಗೂ ಕುಂಕುಮ ಕೊಟ್ಟ.

ಮನೆಗೆ ಬಂದಾಗ ದ್ಯಾಮಮ್ಮ ಅಂಗಳದಲ್ಲೇ ತಡೆದಳು. "ಕೇಳಿದ್ಯಾ?"

"ಕೇಳ್ದೆ."

"ಏನಂದ್ಲು?"

"ಅವಳೂ ನಿನ್ನ ಮಗಳಂಗೇ ಕಣೇ. ಬಾಯಲ್ಲಿ ಏನೂ ಅನ್ಲಿಲ್ಲ."

ದ್ಯಾಮಮ್ಮ ಸೆರಗಿನಿಂದ ಟಗರಿನ ಕೊಂಬಿನ ಅರಿಶಿನವನ್ನು ಒರೆಸಿದಳು. ಎರಡು ದಿನ ಬಿಟ್ಟು ತಿಪ್ಪೇಶ ಅದನ್ನು ಆಟೋದಲ್ಲಿ ಏರಿಸಿಕೊಂಡು ಸಂತೆಗೆ ಹೊರಟ. "ಬಾ ಸಾಹುಕಾರ, ಕೊನೆಗೂ ನಿಂಗೂ ಒಂದು ಕೆಲಸ ಬಂತು" ಎಂದು ಅದರ ಬೆನ್ನು ತಟ್ಟಿದ. ರೇವಣಪ್ಪ ಆ ಕಡೆ ನೋಡಲಿಲ್ಲ.

ರೈಲು ಹತ್ತಿಸಲು ಬೀರೂರಿಗೆ ಎಲ್ಲರೂ ಹೋದರು. ಅನಿತಾಳ ಜೊತೆಗೆ ತನುಜಾ ಎಂಬ ಶಾಲೆಯ ಗೆಳತಿಯೂ ಹೊರಟಿದ್ದಳು. ಅವಳ ಖರ್ಚು ಅವಳ ಮನೆಯವರದು. ಇಬ್ಬರೂ ಬೋಗಿ ಹತ್ತಿದ ಕ್ಷಣದಿಂದ ಕೈ ನಿಲ್ಲಿಸಿರಲಿಲ್ಲ. ದ್ಯಾಮಮ್ಮ ಕಿಟಕಿಯ ಸರಳಿನ ನಡುವೆ ರೊಟ್ಟಿ ಗಂಟು ತೂರಿಸಿ, ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, "ಹುಷಾರು ಕಣೇ, ಚೀಲ ತಲೆ ಕೆಳಗೆ ಇಟ್ಕಾ" ಎಂದು ಕೂಗಿದಳು.

ರೈಲು ಅಲುಗಿತು. ಅನಿತಾ ಗೆಳತಿಯನ್ನು ತಡೆದು ಕಿಟಕಿಗೆ ಮುಖವಿಟ್ಟಳು, ಎರಡೂ ಮುಂಗೈ ಎತ್ತಿ ಇಳಿಬಿಟ್ಟು ತೂಗಿದಳು.

ರೇವಣಪ್ಪ ಎದೆಯ ಮೇಲೆ ಕೈಯಿಟ್ಟು, ಹೂಂ ಎಂಬಂತೆ ತಲೆಯಾಡಿಸಿದ. ರೈಲಿನ ಜೊತೆ ನಾಲ್ಕು ಹೆಜ್ಜೆ ಹೋದ, ನಿಂತ.

ಪುಣೆಯಿಂದ ಅವಳು ಗೆದ್ದವಳ ಕಳೆಯಲ್ಲಿ ವಾಪಸಾದಳು, ಟಿಕೆಟ್ಟಿನ ಹಣವೂ ತಡವಾಗಿಯಾದರೂ ಬಂತು, ಅಂತರಘಟ್ಟೆಗೆ ಒಂದು ಟಗರು ಮರಿ ಹೋಯಿತು. ಹರಕೆ ತೀರಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳಲು ಅಡ್ಡಿಯಿರಲಿಲ್ಲ. ಆದರೆ ಅವಳ ಬಾಯಿಂದ ಒಂದು ಮಾತು ಬರಲಿ ಎಂದು ತಾನು ಅಷ್ಟು ವರ್ಷ ಟಗರು ಕಟ್ಟಿ ಕಾದಿದ್ದೆ ಎಂಬುದನ್ನು ರೇವಣಪ್ಪ ಮಗಳಿಗೆ ಎಂದೂ ಹೇಳಲಿಲ್ಲ.