ದೊಗಳೆ ಅಂಗಿ

ಸಾಹೇಬರು ಶಾಲೆಯ ತಪಾಸಣೆಗೆ ಬರುವ ದಿನವೇ ಏಳನೇ ತರಗತಿಯ ಕಾವೇರಿ ಹಳದಿ ಫ್ರಾಕು ತೊಟ್ಟು ಬಂದಳು. ನಿರ್ಮಲಾ ಟೀಚರಿಗೆ ಸಿಟ್ಟು ನೆತ್ತಿಗೇರಿತು. "ಯೂನಿಫಾರ್ಮ್ ಹಾಕ್ಕೊಂಡ್ರ ಅಷ್ಟ ಒಳಗ. ಹೋಗು, ಲಗೂ ಹಾಕ್ಕೊಂಡ್ ಬಾ!" ಎಂದು ಗೇಟಿನಿಂದಲೇ ಅಟ್ಟಿದರು. ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ಕೇಳುವ ಪುರಸೊತ್ತು ಯಾರಿಗಿತ್ತು?

ಆಮೇಲೆ ಟೀಚರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಪಾಠ ಬಿಟ್ಟು ಬಿಟ್ಟು ಬಾಗಿಲಿಗೆ ಬಂದು ಬ್ಯಾಡಗಿ ಪೇಟೆಯ ರಸ್ತೆ ನೋಡಿದರು. ಮೊದಲು ಬರುವವರು ಸಾಹೇಬರೋ, ಹುಡುಗಿಯೋ? ಮೆಣಸಿನಕಾಯಿ ಲಾರಿಗಳು ನುಗ್ಗುವ ರಸ್ತೆಗೆ ಕೂಸನ್ನು ಒಂಟಿಯಾಗಿ ಕಳಿಸಿದೆನಲ್ಲ!

ಕೊನೆಗೆ ಕಾವೇರಿ ಏದುಸಿರು ಬಿಡುತ್ತ ಬಂದಳು. ಬೆಳೆಯುವ ಹುಡುಗಿಯೆಂದು ದೊಗಳೆಯಾಗಿ ಹೊಲಿಸಿದ್ದ ಯೂನಿಫಾರ್ಮ್ ಅಂಗಿ ಮೈಮೇಲಿತ್ತು. ಅವಳು ಕೂತದ್ದೇ ತಡ, ಪಕ್ಕದವಳು ಸೀನಿದಳು, ಹಿಂದಿನವರು ಕೆಮ್ಮಿದರು. ಕಾಲರ್ ಸರಿಪಡಿಸಲು ಬಾಗಿದ ಟೀಚರ ಕಣ್ಣೂ ಉರಿಯತೊಡಗಿತು.

"ಇದೇನ ಇದು, ಅಂಗಿ ತುಂಬ ಖಾರ?"

"ಅವ್ವ ಹಾಕ್ಕೊಂಡಿದ್ಲ್ರೀ. ಮೆಣಸಿನಕಾಯಿ ತೊಟ್ಟು ಬಿಡಸೂಮುಂದ ಮೈ ಉರೀತೈತಂತ ಸೀರಿ ಮ್ಯಾಲ ಅಂಗಿ ಹಾಕ್ಕೋತಾಳ್ರೀ. ಆಕಿ ಹಳೇ ಅಂಗಿ ನಿನ್ನೆ ಹರದ್ ಹೋತು. ನೀವು ಬೇಕಂದ್ರಿ ಅಂತ ಹೇಳಿದ್ನಿ, ಬಿಚ್ಚಿ ಕೊಟ್ಲು."

ಟೀಚರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಮತ್ತ ಈಗ ಆಕಿ?"

"ಹಂಗ ಕುಂತು ಬಿಡಸಾಕತ್ತಾಳ್ರೀ." ಕಾವೇರಿ ಕೆಂಪೇರಿದ ಕುತ್ತಿಗೆ ತಿಕ್ಕಿಕೊಂಡು ಬಾಗಿಲ ಕಡೆ ನೋಡಿದಳು. "ಸಾಹೇಬ್ರು ನೋಡಿ ಹೋದ ಕೂಡ್ಲೆ ಇದನ್ನ ಒಯ್ದು ಕೊಟ್ ಬರ್ಲೇನ್ರೀ, ಟೀಚರ?"