ಸಕ್ಕರೆ ಕಿತ್ತ ತಟ್ಟೆ

"ತಟ್ಟೆಗಳ ಮೇಲಿನ ಹೆಸರು ಮುಚ್ಚಿದೀಯ ತಾನೆ?" ಮೇಡಂ ಮೈಕ್ರೋಸ್ಕೋಪಿನ ಮುಂದೆ ಸ್ಟೂಲು ಎಳೆದುಕೊಂಡು ಕೂತರು.

"ಗೆಳತಿ ಕೈಲಿ ಮುಚ್ಚಿಸಿ, ಅದಲುಬದಲು ಮಾಡ್ಸಿದೀನಿ. ಯಾವುದು ಯಾವುದು ಅಂತ ನಂಗೂ ಗೊತ್ತಿಲ್ಲ. ನೀವೇ ನೋಡಿ ಹೇಳಿ."

ಹುಡುಗಿ ಜೀವಕೋಶ ಬೆಳೆಸಿದ ಎರಡು ತಟ್ಟೆಗಳನ್ನು ಅವರ ಮುಂದಿಟ್ಟಳು. ಈ ಸಲವೂ ಕೈಕೊಟ್ಟರೆ ಸಂಶೋಧನೆ ನಿಲ್ಲಿಸಿಬಿಡು ಎಂದು ಮೇಡಂ ಮೊದಲೇ ಹೇಳಿದ್ದರು. ಅವರ ಮನಸ್ಸು ಒಳ್ಳೆಯದೇ, ಬಾಯಿಯದೇ ತಂಟೆ. ಯಾರು ಏನು ತೋರಿಸಿದರೂ "ಆದರೆ..." ಎಂದೇ ಶುರು ಮಾಡುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು 'ಆದರೆ ಮೇಡಂ' ಎನ್ನುತ್ತಿದ್ದರು.

ಹುಡುಗಿಯ ವಾದ ಸರಳವಾಗಿತ್ತು. ಮಿದುಳಿನಲ್ಲಿ ಕಾವಲು ಕೋಶಗಳಿವೆ. ಕಸ ಕಂಡರೆ ನುಂಗುತ್ತವೆ. ಆರೋಗ್ಯವಾಗಿರುವ ನರಕೋಶವನ್ನು ಮಾತ್ರ ಮುಟ್ಟುವುದಿಲ್ಲ. ಅದರ ಮೈಮೇಲಿನ ಸಕ್ಕರೆ ಅಣುಗಳನ್ನು ತಡವಿ ನೋಡಿ, ಇದು ನಮ್ಮದೇ ಎಂದು ಗುರುತು ಹಿಡಿಯುತ್ತವೆ. ಹಾಗಿದ್ದರೆ ಆ ಸಕ್ಕರೆ ಕಿತ್ತ ಮೇಲೆ ನುಂಗಬೇಕಿತ್ತು. ನುಂಗುತ್ತಿರಲಿಲ್ಲ! ಪ್ರತಿ ಸಲವೂ ಬೀಗರ ಮನೆಗೆ ಬಂದವರ ಹಾಗೆ ಸಂಕೋಚದಿಂದ ಪಕ್ಕದಲ್ಲೇ ಕೂತಿರುತ್ತಿದ್ದವು.

ಹೋದ ವಾರ ಮನೆಯಲ್ಲಿ ಅವಳು ಅನ್ಯಮನಸ್ಕಳಾಗಿ ಪಾತ್ರೆ ತೊಳೆಯುತ್ತಿದ್ದಾಗ ಅಮ್ಮ ರೇಗಿದ್ದಳು. "ತೊಳೆದ ಲೋಟಾನ ಮತ್ತೆ ಅದೇ ಕೊಳೆ ನೀರಿಗೆ ಅದ್ದುತೀಯಲ್ಲೇ, ಬುದ್ಧಿ ಎಲ್ಲಿಟ್ಟಿದೀಯ?"

ಲೋಟ ಅಲ್ಲೇ ಬಿಟ್ಟು ಅವಳು ಲ್ಯಾಬಿಗೆ ಓಡಿದ್ದಳು. ಅಲ್ಲೂ ತಾನು ಮಾಡುತ್ತಿದ್ದುದು ಅದನ್ನೇ! ಸಕ್ಕರೆ ಕಿತ್ತ ನರಕೋಶಗಳನ್ನು ಅದೇ ಸಕ್ಕರೆ ತೇಲುವ ಪೋಷಕ ದ್ರವಕ್ಕೆ ಮತ್ತೆ ಹಾಕುತ್ತಿದ್ದಳು. ಕಾವಲು ಕೋಶಗಳ ಕೈಗೆ ಸಿಗುತ್ತಿದ್ದುದು ಆ ದ್ರವದ ಸಕ್ಕರೆ; ಅದನ್ನೇ ತಡವಿ ನಮ್ಮದೇ ಎಂದುಕೊಳ್ಳುತ್ತಿದ್ದವು. ಈ ಸಲ ದ್ರವವನ್ನೇ ಬದಲಿಸಿದ್ದಳು. ತಟ್ಟೆಗಳನ್ನು ನೋಡುವ ಧೈರ್ಯ ಮಾತ್ರ ಬಂದಿರಲಿಲ್ಲ.

"ಇದ್ರಲ್ಲಿ ಯಾರೂ ಯಾರ ತಂಟೆಗೂ ಹೋಗಿಲ್ಲ," ಎಂದು ಮೇಡಂ ಮೊದಲ ತಟ್ಟೆ ಪಕ್ಕಕ್ಕಿಟ್ಟರು. ಎರಡನೆಯದರ ಮೇಲೆ ಬಗ್ಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಅಯ್ಯಯ್ಯೋ, ತಿಂದು ತೇಗ್ತಾ ಕೂತಿವೆಯಲ್ಲೇ! ಸಕ್ಕರೆ ಕಿತ್ತಿದ್ದು ಇದೇ. ತೆಗಿ ಕಾಗದ."

ಅಂಟಿಸಿದ ಕಾಗದ ಉಗುರಿಗೆ ಸಿಕ್ಕದೆ ಸತಾಯಿಸಿತು. ಕೊನೆಗೂ ಕಿತ್ತು ಬಂದಾಗ ಕೆಳಗೆ ಅವಳದೇ ಕೋಳಿಕಾಲು ಅಕ್ಷರ: 'ಸಕ್ಕರೆ ಇಲ್ಲ'.

ಗೆದ್ದಿದ್ದಳು! ಅಷ್ಟು ನರಕೋಶಗಳ ಪ್ರಾಣ ಹೋಗಿತ್ತು, ಇವಳಿಗೆ ಕುಣಿಯುವಷ್ಟು ಖುಷಿ. ಕಣ್ಣು ತುಂಬಿ ಬಂತು.

"ಆದರೆ..." ಎಂದರು ಮೇಡಂ.

ಅವಳು ಕಿತ್ತ ಕಾಗದವನ್ನು ಮುಷ್ಟಿಯಲ್ಲಿ ಮುದುಡಿದಳು.

"ಆದರೆ ನೀನಿನ್ನೂ ನೋಡೇ ಇಲ್ವಲ್ಲೇ. ಬಾ, ಕೂತ್ಕೋ."

ಮೇಡಂ ಎದ್ದು ಸ್ಟೂಲನ್ನು ಅವಳ ಕಡೆ ತಳ್ಳಿದರು. ಅದಿನ್ನೂ ಬೆಚ್ಚಗಿತ್ತು.